ಎಣಿಸದೆ ಬಿಟ್ಟ ತಿಂಗಳು

ನಮ್ಮ ಮನೆತನದಲ್ಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು ನಮ್ಮಪ್ಪನಿಗೆ ಮುಗಿಯಿತು. ನಾನು ಹೈದರಾಬಾದಿಗೆ ಹೋಗಿ ಓದಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡಿಕೊಂಡು ಬೆಳೆದವನು ಉರ್ದುವಿನಲ್ಲಿ ಪರೀಕ್ಷೆ ಬರೆದು, ಎರಡು ಸಲ ಬಿದ್ದು, ಮೂರನೆಯ ಸಲ ಬಿ.ಎ. ಪಾಸಾದೆ. ಸುತ್ತಿನ ಹಳ್ಳಿಗಳಲ್ಲಿ ನಮ್ಮ ಮಂದಿಯೊಳಗೆ ಅಷ್ಟು ಓದಿದವರು ಆಗ ಇನ್ನೊಬ್ಬರಿರಲಿಲ್ಲ. ಇದು ಬಡಾಯಿ ಅಂತ ಯಾರಾದರೂ ಅಂದರೆ ಅನ್ನಲಿ, ಕಷ್ಟಪಟ್ಟವನಿಗೆ ಅಷ್ಟು ಹಕ್ಕಿದೆ. ಆದರೆ ಈಗ ನಾನು ಹೇಳಹೊರಟಿರುವುದು ಅಷ್ಟೆಲ್ಲ ಓದಿಯೂ ಒಂದರಿಂದ ಒಂಬತ್ತರವರೆಗೆ ಗಟ್ಟಿಯಾಗಿ ಎಣಿಸಲಾರದೆ ಹೋದ ಸಂಗತಿ.

ಆಗ ನಾನು ಉಮರ್ಗಾದ ಸರಕಾರಿ ಶಾಲೆಯಲ್ಲಿ ಮಾಸ್ತರ. ಮನೆ ದಾಳಿಂಬದಲ್ಲಿ. ಅಪ್ಪ, ಅವ್ವ, ಜೋಳ ತೊಗರಿಯ ಹೊಲ. ನಿಜಾಮರ ಸರಕಾರದಲ್ಲಿ ಶುಕ್ರವಾರ ರಜೆ, ಹಾಗಾಗಿ ಗುರುವಾರ ಶಾಲೆ ಬಿಟ್ಟೊಡನೆ ನಡೆದು ಊರಿಗೆ ಬರುತ್ತಿದ್ದೆ, ಶನಿವಾರ ನಸುಕಿಗೆ ಎದ್ದು ಹೊರಡುತ್ತಿದ್ದೆ. ಹೆಂಡತಿ ನಿಲಂಗಾದವಳು, ಪೇಟೆಯ ಮನೆಯ ಹುಡುಗಿ. ತಂದೆ ಇರಲಿಲ್ಲ. ಅಣ್ಣ ಒಬ್ಬ, ಉದಗೀರ ಪೇಟೆಗೆ ತೊಗರಿ ಕುಸುಬಿಯ ಗಾಡಿ ಹೊಡೆಸುವ ವ್ಯಾಪಾರಿ. ಮನೆಯ ಹಿರಿತನ ಅವನದು, ನಡೆಯುವ ಮಾತು ಮಾತ್ರ ಅವರ ತಾಯಿಯದು.

ಸಂಕ್ರಾಂತಿಯ ರಜೆಗೆ ಬಂದಾಗ ಹೆಂಡತಿ ನನ್ನ ಕೈಗೆ ಎಳ್ಳುಬೆಲ್ಲ ಹಾಕುತ್ತಾ ತಲೆ ತಗ್ಗಿಸಿಯೇ ಹೇಳಿದಳು: "ಚಂಪಾಷಷ್ಠಿ ಮುಂದ ತಲಿ ಮ್ಯಾಲ ನೀರ ಹಾಕ್ಕೊಂಡಿದ್ದೆ. ಮತ್ತ ಹಾಕ್ಕೊಂಡಿಲ್ರಿ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಎಳ್ಳೆಲ್ಲ ಒಮ್ಮೆಗೇ ಬಾಯಿಗೆ ಹಾಕಿಕೊಂಡೆ.

ಉಮರ್ಗಾಕ್ಕೆ ಮರಳಿದ ದಿನ ಶಾಲೆಯ ಹಾಜರಿ ಪುಸ್ತಕ ತೆಗೆದೆ. ಸರಕಾರದ ಫಸಲಿ ತಿಂಗಳುಗಳಲ್ಲಿ ಇರುತ್ತಿತ್ತು ಆ ಪುಸ್ತಕ: ಆಜೂರ, ದೈ, ಬಹಮನ, ಇಸ್ಫಂದಾರ, ಹೀಗೆ. ಆ ವರ್ಷ ಚಂಪಾಷಷ್ಠಿ ಬಿದ್ದದ್ದು ದೈ ತಿಂಗಳಲ್ಲಿ. ಆ ಪುಟದ ಅಂಚಿಗೆ ಪೆನ್ಸಿಲಿನಿಂದ ಒಂದು ಗೀಟು ಎಳೆದೆ. ಮುಂದೆ ತಿಂಗಳು ತುಂಬಿದಂತೆಲ್ಲ ಒಂದೊಂದು ಚುಕ್ಕೆ. ಯಾರಿಗೂ ತೋರಿಸಲಿಲ್ಲ, ಊರಿಗೆ ಬರುವಾಗಲೂ ಪುಸ್ತಕ ನನ್ನ ಚೀಲದಲ್ಲೇ ಇರುತ್ತಿತ್ತು. ಗಂಡಸು ಹೆಂಡತಿಯ ಬಸುರಿನ ದಿನ ಎಣಿಸುತ್ತಾನೆ ಅಂದರೆ ನಗುತ್ತಿದ್ದ ಕಾಲ ಅದು.

ಮನೆಯಲ್ಲಿ ಎಣಿಸುತ್ತಿದ್ದವಳು ನನ್ನವ್ವ. ಅವಳಿಗೆ ತಿಂಗಳ ಹೆಸರು ಬೇಕಿರಲಿಲ್ಲ, ಹಬ್ಬಗಳು ಸಾಕು. ಸಂಕ್ರಾಂತಿಗೆ ಒಂದು ಬೆರಳು ಮಡಚಿದಳು, ಶಿವರಾತ್ರಿಗೆ ಇನ್ನೊಂದು. ಹೋಳಿಹುಣ್ಣಿಮೆಗೆ ಮೂರು, ಯುಗಾದಿಗೆ ನಾಲ್ಕು, ಅಕ್ಷಯ ತೃತೀಯದ ಅಕ್ಷತದಗಿಗೆ ಐದು. ತಾನು ಹೆತ್ತ ಐವರನ್ನೂ ಹೀಗೇ ಎಣಿಸಿ ಹೆತ್ತವಳು, ಊರ ಸೊಸೆಯಂದಿರ ಬಸುರನ್ನೂ ಎಣಿಸಿ ಕೊಡುತ್ತಿದ್ದಳು. ಯಾವತ್ತೂ ತಪ್ಪಿಲ್ಲ ಅಂತ ಊರ ನಂಬಿಕೆ.

ಆ ವರ್ಷ ಅಕ್ಷತದಗಿ ಆದ ಮೇಲೆ ಅಧಿಕಮಾಸ ಬಂತು. ನಮ್ಮ ಕಡೆ ಅದಕ್ಕೆ ಧೋಂಡ್ಯಾದ ತಿಂಗಳು ಅನ್ನುತ್ತಾರೆ. ಮೂರು ವರ್ಷಕ್ಕೊಮ್ಮೆ ಬರುವ ಆ ಹೆಚ್ಚಿನ ತಿಂಗಳಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಹಬ್ಬ ಇಲ್ಲ. ಇರುವುದು ಒಂದೇ: ಅತ್ತೆಯ ಮನೆಯವರು ಅಳಿಯನನ್ನು ಕರೆಸಿ, ಹೂರಣ ತುಂಬಿದ ಧೋಂಡೆ ಮಾಡಿ ಉಣ್ಣಿಸಬೇಕು. ನಾವಿಬ್ಬರೂ ನಿಲಂಗಾಕ್ಕೆ ಹೋಗಿ ಬಂದೆವು. ಬೇಸಿಗೆ, ಹೊಳೆ ಬತ್ತಿ ಮೊಣಕಾಲುದ್ದ ನೀರು. ನನ್ನ ಅತ್ತೆ ನಾಲ್ಕು ದಿನ ಎದುರಿಗೆ ಕೂತು ಬಡಿಸಿದರು, ಮಗಳ ಹೊಟ್ಟೆಯನ್ನು ಮತ್ತೆ ಮತ್ತೆ ನೋಡಿದರು, ಏನೂ ಅನ್ನಲಿಲ್ಲ.

ಊರಿಗೆ ಬಂದ ಮೇಲೆ ಕಾರಹುಣ್ಣಿಮೆ. ಅವ್ವ ಎತ್ತಿಗೆ ಬಣ್ಣ ಬಳಿಯುತ್ತಿದ್ದವಳು ಕೈ ತೊಳೆದುಕೊಂಡು ಬೆರಳು ಮಡಚಿ, "ಆರಾತು" ಅಂದಳು.

ನನ್ನ ಚುಕ್ಕೆ ಏಳಾಗಿದ್ದವು.

ಹಬ್ಬವಿಲ್ಲದ ತಿಂಗಳಿಗೆ ಅವಳ ಬೆರಳೇ ಇರಲಿಲ್ಲ. ಧೋಂಡ್ಯಾದ ತಿಂಗಳು ಅವಳ ಕೈಯಿಂದ ಜಾರಿ ಹೋಗಿತ್ತು. ಮನೆಗೆ ಬರುವ ಜಂಗಮ ಅಯ್ಯನವರೂ ಅವಳನ್ನೇ ಕೇಳಿ, ಅವಳ ಲೆಕ್ಕದ ಮೇಲೆಯೇ ಎಲ್ಲ ಗೊತ್ತುಮಾಡಿದರು. ಏಳರಲ್ಲಿ ಆಗಬೇಕಾದ ಸೀಮಂತದ ಕುಬಸ ಎಂಟರಲ್ಲಿ ಆಯಿತು. ಎಂಟನೇ ತಿಂಗಳಿಗೆ ಹೊಟ್ಟೆಯೊಳಗಿನ ಕೂಸಿಗೂ ಲಿಂಗ ಕೊಡುವುದು ನಮ್ಮ ಪದ್ಧತಿ. ತಾಯಿ ಅದನ್ನು ತನ್ನ ಲಿಂಗದ ಜೊತೆಗೇ ಕಟ್ಟಿಕೊಂಡಿದ್ದು, ಹೆತ್ತ ಮೇಲೆ ಕೂಸಿಗೆ ಕಟ್ಟುತ್ತಾಳೆ. ಅದೂ ಒಂದು ತಿಂಗಳು ತಡವಾಗಿ, ನಾಗರ ಪಂಚಮಿಯ ಮುನ್ನಾ ದಿನ ನಡೆಯಿತು.

ಮೊದಲ ಹೆರಿಗೆ ತವರುಮನೆಯಲ್ಲೇ ಆಗಬೇಕು, ಆದರೆ ಎಂಟರಲ್ಲಿ ಬಸುರಿಯನ್ನು ಗಾಡಿ ಹತ್ತಿಸುವಂತಿಲ್ಲ, ಒಂಬತ್ತು ಹತ್ತಿದ ಮೇಲೆಯೇ ಕಳಿಸುವುದು. ಅವ್ವ ತನ್ನ ಎಂಟು ಮುಗಿಯಲಿ ಅಂತ ಕಾಯುತ್ತಿದ್ದಳು. ನನ್ನ ಲೆಕ್ಕದಲ್ಲಿ ಒಂಬತ್ತು ತುಂಬುತ್ತಿತ್ತು. ಪಂಚಮಿಯ ದಿನ ಅವ್ವ ಒಬ್ಬಳೇ ಜೋಳದ ಅಳ್ಳು ಹುರಿಯುತ್ತಿದ್ದಾಗ ಹೋಗಿ ಕೂತೆ.

"ಯವ್ವಾ, ಒಂಬತ್ತ ತುಂಬ್ಯಾವೇನೋ ಅನಸ್ತದ."

ಅವಳು ಹುರಿಯುವುದು ನಿಲ್ಲಿಸಲಿಲ್ಲ. "ಹೈದರಾಬಾದಿನಾಗ ಬಸುರು ಬಾಣಂತನಾನೂ ಕಲಿಸ್ಯಾರೇನೋ ತಮ್ಮಾ?"

"ಧೋಂಡ್ಯಾದ ತಿಂಗಳ ನೀ ಹಿಡದಿಲ್ಲ."

"ಅದೇನ್ ತಿಂಗಳೋ? ದೇವರು ದಿಂಡ್ರೂ ಹಿಡಿಯೂದಿಲ್ಲ ಅದನ್ನ. ನಿನ್ನ ತುರ್ಕರ ತಿಂಗಳಾ ತಂದು ನನ್ನ ಮುಂದ ಹಾಕಬ್ಯಾಡ."

ನಾನು ಇನ್ನೊಂದು ಮಾತು ಎತ್ತುವುದರೊಳಗೆ ಅವಳು ಸವುಟು ಕೆಳಗಿಟ್ಟಳು. ದನಿ ಸಣ್ಣಗಾಗಿತ್ತು. "ನಿನ್ನಕಿಂತ ಮೊದಲ ಒಂದಿತ್ತು ನನಗ. ಎಂಟರಾಗ ಗಾಡ್ಯಾಗ ಕೂಡ್ಸಿ ಕಳಿಸಿದ್ರು. ದಾರ್ಯಾಗ ಹೋತು. ಅದಕ್ಕ ಹೇಳ್ಲಾಕತ್ತೀನಿ, ಒಂಬತ್ತು ಹತ್ತೂತನಕ ಆಕಿನ್ನ ನಾ ಹೊಸ್ತಿಲ ದಾಟ್ಸೂದಿಲ್ಲ. ನಡಿ, ಹೊರಗ ಹೋಗು."

ಆ ಮೊದಲನೆಯದರ ಮಾತು ನಾನು ಅಲ್ಲಿಯತನಕ ಕೇಳಿರಲೇ ಇಲ್ಲ. ಎದ್ದು ಹೊರಗೆ ಹೋದೆ. ಅವ್ವನಿಗೆ ಗೊತ್ತಿಲ್ಲದ್ದು ನಿನಗೇನು ಗೊತ್ತು ಅಂತ ನನ್ನ ಮನಸ್ಸೇ ನನಗೆ ಹೇಳಿತು. ನಿಜ ಹೇಳಬೇಕೆಂದರೆ, ಹಾಗೆ ಹೇಳಿಕೊಂಡದ್ದರಿಂದ ಸ್ವಲ್ಪ ಹಗುರವೂ ಆಯಿತು.

ಅವ್ವನ ಲೆಕ್ಕದಲ್ಲಿ ಎಂಟು ಮುಗಿದು ಒಂಬತ್ತು ಹತ್ತಿದ ದಿನ, ಪಂಚಮಿಯ ಮರುದಿನ, ಹೆಂಡತಿಯ ಅಣ್ಣ ಗಾಡಿ ತಂದ. ಗಾಡಿಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ಮಳೆಗೆ ಕಂಬಳಿಯ ಮಾಡು ಕಟ್ಟಿ ತಂದಿದ್ದ. ನಾನೂ ನಾಲ್ಕು ದಿನ ರಜೆ ಬರೆದುಕೊಟ್ಟು ಜೊತೆಗೆ ಹೊರಟೆ. ಅವ್ವ ಸೊಸೆಯ ಉಡಿ ತುಂಬಿ, ಅವಳ ಗಲ್ಲ ಹಿಡಿದು, "ಸಾವಕಾಶ ಹೋಗ್ರಿ, ಇನ್ನಾ ತಿಂಗಳದ, ಗಡಿಬಿಡಿ ಏನಿಲ್ಲ" ಅಂದಳು. ಅಪ್ಪ ಎತ್ತಿನ ಗೊರಸು ಎತ್ತಿ ನೋಡಿದ.

ನಿಲಂಗಾಕ್ಕೆ ಎರಡು ದಿನದ ದಾರಿ. ಮೊದಲ ದಿನ ಭಾವ ಹಾಡಿಕೊಂಡೇ ಗಾಡಿ ಹೊಡೆದ. ನಾನು ಹಿಂದೆ ನಡೆಯುತ್ತಿದ್ದೆ, ಏರು ಬಂದಲ್ಲಿ ಗಾಲಿಗೆ ಕೈ ಕೊಡುತ್ತಿದ್ದೆ.

"ಮಾಸ್ತರ್ರ, ಕೂಸು ಹುಟ್ಟಿದ ಕೂಡ್ಲೇ ಅಲಿಫ್ ಬೇ ಕಲಸ್ತೀರೋ, ನಮ್ಮ ಉದಗೀರ ಪ್ಯಾಟಿಗೆ ಕಳಸ್ತೀರೋ?" ಅಂತ ಕೆಣಕಿದ.

"ಕಲಿಸಿ ಕಳಸ್ತೀನ್ರೀ ಭಾವಾ. ನಿಮ್ಮ ತಕ್ಕಡಿ ಸರಿ ಅದ ಇಲ್ಲ ನೋಡ್ಲಾಕ ಒಬ್ರು ಬೇಕಲ್ಲ."

ಅವನು ನಕ್ಕ. ಕಂಬಳಿಯ ಒಳಗಿಂದ ಅವಳು ನಗಲಿಲ್ಲ. ರಾತ್ರಿ ಒಂದು ಗುಡಿಯ ಪಡಸಾಲೆಯಲ್ಲಿ ಇಳಿದೆವು. ಮರುದಿನ ಬೆಳಿಗ್ಗೆ ಗಾಡಿ ಹೊರಟು ಒಂದು ಹರದಾರಿಯೂ ಆಗಿರಲಿಲ್ಲ, ಅವಳು ಕಂಬಳಿ ಸರಿಸಿ ನನ್ನನ್ನು ಹತ್ತಿರ ಕರೆದಳು. ಹಣೆಯ ಮೇಲೆ ಬೆವರು.

"ನಡಾ ನೋಯ್ಲಾಕತ್ತದ್ರಿ. ನಸಿಕಿನಿಂದ."

"ಗಾಡಿ ಕುಲುಕಿಗಿರಬೇಕು."

ಅವಳು ನನ್ನನ್ನು ನೋಡಿದಳು. ಆ ನೋಟ ಈಗಲೂ ನನಗೆ ನೆನಪಿದೆ. ಸಿಟ್ಟಿರಲಿಲ್ಲ. ಬಹಳ ದಿನ ಕಾದು ದಣಿದವರ ನೋಟ.

"ನಂದು ದಿನ ತುಂಬ್ಯಾವ," ಅಂದಳು. "ನನಗ ಗೊತ್ತದ, ನಿಮಗೂ ಗೊತ್ತದ. ನಿಮ್ಮ ಚೀಲದಾಗಿನ ಪುಸ್ತಕ ನೋಡೀನಿ. ಚುಕ್ಕಿ ಎಣಸ್ಲಾಕ ನನಗೂ ಬರ್ತದ. ನಾ ಸೊಸಿ, ಅತ್ತಿ ಮುಂದ ಹ್ಯಾಂಗ ಹೇಳ್ಲಿ? ನೀವು ಹೇಳ್ತೀರಿ ಅಂತ ಸುಮ್ಮನಿದ್ದೆ."

ಮಳೆ ಹನಿಯುತ್ತಿತ್ತು. ಗಾಡಿಯ ಹಿಂದೆ ನಡೆದೆ.

ತೇರಣಾ ಹೊಳೆಯ ದಂಡೆಗೆ ಬಂದಾಗ ಹೊತ್ತು ಏರಿತ್ತು. ಧೋಂಡ್ಯಾಕ್ಕೆ ಹೋದಾಗ ಮೊಣಕಾಲುದ್ದ ಇದ್ದ ಹೊಳೆ ಈಗ ಮಣ್ಣಿನ ಬಣ್ಣದ್ದಾಗಿ, ಎರಡೂ ದಂಡೆಯ ಜಾಲಿ ಮುಳುಗಿಸಿಕೊಂಡು ಹರಿಯುತ್ತಿತ್ತು. ಮೇಲಿನ ಸೀಮೆಯಲ್ಲಿ ಮಳೆಯಾಗಿರಬೇಕು. ಈಚೆ ಆರೇಳು ಗಾಡಿ ಎತ್ತು ಬಿಚ್ಚಿ ನಿಂತಿದ್ದವು. ದಂಡೆಯ ಮೇಲೆ ಭೋಯಿಗಳ ನಾಲ್ಕು ಗುಡಿಸಲು. ಮೀನು ಹಿಡಿಯುವ, ಮಳೆಗಾಲದಲ್ಲಿ ಮಂದಿಯನ್ನು ದಾಟಿಸುವ ಜನ ಅವರು. ಅವರಲ್ಲಿ ಹಿರಿಯನೊಬ್ಬ ಬಂದು ಮರಾಠಿ ಕನ್ನಡ ಎರಡೂ ಸೇರಿಸಿ ಹೇಳಿದ:

"ಪಾಣಿ ಲೈ ಅದ. ಗಾಡಿ ಇವತ್ತು ಇಳಿಯೂದಿಲ್ಲ. ನಾಳಿ ಮುಂಜಾನಿ ನೋಡೂಣು."

ಅಷ್ಟರಲ್ಲಿ ಕಂಬಳಿಯೊಳಗಿಂದ ಅವಳ ನರಳು ಕೇಳಿತು. ಭಾವನ ಮುಖದ ಹಾಡೆಲ್ಲ ಇಳಿದು ಹೋಯಿತು.

ಸೂಲಗಿತ್ತಿ ಇದ್ದಾಳೆಯೇ ಅಂತ ಕೇಳಿದೆ. ಇದ್ದಳು, ಒಬ್ಬ ಮುದುಕಿ, ಆಚೆ ದಂಡೆಯ ಹಳ್ಳಿಯಲ್ಲಿ. ಎರಡೂ ದಂಡೆಗೆ ಅವಳೊಬ್ಬಳೇ. ನೀರು ಏರಿದಾಗ ಭೋಯಿಗಳು ಬೆಲ್ಲ ಕಾಸುವ ಕೊಪ್ಪರಿಗೆಯಲ್ಲಿ ಮನುಷ್ಯರನ್ನು ಕೂಡಿಸಿ, ನಾಲ್ಕು ಜನ ಈಜುತ್ತಾ ಅದನ್ನು ದಬ್ಬಿಕೊಂಡು ಹೋಗುತ್ತಿದ್ದರು. ಅಂಥ ಕೊಪ್ಪರಿಗೆ ಒಂದು ಈಚೆ ದಂಡೆಯಲ್ಲಿ ಬೋರಲು ಬಿದ್ದಿತ್ತು.

ಹಿರಿಯ ಭೋಯಿ ನಮ್ಮಿಬ್ಬರ ಮುಖ ನೋಡಿದ. "ಹೆಣ್ಮಗಳನ್ನ ಕೂಡ್ಸಿ ಆಚಿಗೆ ಒಯ್ಯೂದಾದ್ರ ಒಂದ ಖೇಪು. ಮುದುಕಿನ್ನ ಈಚಿಗೆ ತರೂದಾದ್ರ ಹೋಗೂದು ಬರೂದು ಎರಡು. ದೌಡ ಹೇಳ್ರಿ, ಮೋಡ ಮತ್ತ ಕಟ್ಟಲಾಕತ್ತದ."

"ಆಚಿಗೆ ಒಯ್ಯೂಣು," ಅಂದ ಭಾವ, ಒಂದು ಕ್ಷಣವೂ ತಡೆಯದೆ. "ಇವು ಸುಳ್ಳು ಬ್ಯಾನಿ. ಇನ್ನಾ ತಿಂಗಳದ. ದಾಟಿ ಮನಿ ಮುಟ್ಟಿದ್ರ ಎಲ್ಲಾ ತಾನೇ ನಿಂದರ್ತದ. ಮಾಸ್ತರ್ರ, ಆಕಿನ್ನ ಎಬ್ಬಸ್ರಿ."

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಸುಳ್ಳು ಬೇನೆಯಾಗಿದ್ದರೆ ದಾಟಿಸುವುದೇ ಸರಿ. ಜೊತೆಗೆ, ತಂಗಿಯ ಚೊಚ್ಚಲು ಹೆರಿಗೆ ತವರಿನಲ್ಲಿ ಆಗದೆ ದಾರಿಯಲ್ಲಿ ಆದರೆ ನಿಲಂಗಾದ ಪೇಟೆಯಲ್ಲಿ ಅವನು ತಲೆಯೆತ್ತುವಂತಿರಲಿಲ್ಲ. ಆದರೆ ಬೇನೆ ಖರೆಯದಾಗಿದ್ದರೆ, ಆ ತಿರುಗುವ ನೀರಿನ ನಡುವೆ, ಕುಣಿಯುವ ಕಬ್ಬಿಣದ ಬುಟ್ಟಿಯಲ್ಲಿ ಹೆಂಗಸೊಬ್ಬಳು ಹೆರಬೇಕಾಗುತ್ತಿತ್ತು. ಯಾವುದು ಖರೆ ಅನ್ನುವುದು ಅಲ್ಲಿ ನಿಂತವರೊಳಗೆ ನನಗೊಬ್ಬನಿಗೇ ಗೊತ್ತಿತ್ತು.

"ಒಯ್ಯೂದು ಬ್ಯಾಡ," ಅಂದೆ.

"ಯಾಕ?"

"ತಿಂಗಳಿಲ್ರೀ ಭಾವಾ. ದಿನ ತುಂಬ್ಯಾವ. ನಮ್ಮವ್ವ ಧೋಂಡ್ಯಾದ ತಿಂಗಳ ಎಣಸಿಲ್ಲ."

ಅವನು ಬೆರಳು ಮಡಚಿ ತಾನೂ ಎಣಿಸಿದ. ಅವನು ದಿನ ಬೆಳಗಾದರೆ ಲೆಕ್ಕ ಹಾಕುವ ಮನುಷ್ಯ, ತಡವಾಗಲಿಲ್ಲ.

"ನಿಮಗ ಯಾವಾಗ ಗೊತ್ತಾತು?"

"ಕಾರಹುಣ್ಣಿವಿಗೆ."

"ಕಾರಹುಣ್ಣಿವಿಗೆ ಗೊತ್ತಾದದ್ದು ಇವತ್ತು ಹೊಳಿ ದಂಡಿಗೆ ನಿಂತು ಹೇಳ್ಲಾಕತ್ತೀರಿ. ಇಷ್ಟ ದಿನ ಬಾಯಾಗ ಏನ್ ತುರಕ್ಕೊಂಡಿದ್ರಿ?" ಅವನು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನಾಕ ಊರಿಗೆ ಶ್ಯಾಣ್ಯಾ ಅಂತ ನಿಮಗ ಹೆಣ್ಣ ಕೊಟ್ಟೀವಿ."

ಹಾಗಂದವನು ಅಂಗಿ ಕಳಚಿ ಗಾಡಿಯ ಮೇಲೆ ಎಸೆದ. "ಕೊಪ್ಪರಿಗಿ ಇಳಸ್ರಿ. ನಾನೂ ಬರ್ತೀನಿ, ಮುದುಕಿ ಬರೂದಿಲ್ಲ ಅಂದ್ರ ಹೊತಗೊಂಡು ಬರ್ತೀನಿ." ಮೂರು ಜನ ಭೋಯಿಗಳು ಮತ್ತು ಅವನು ಕೊಪ್ಪರಿಗೆಯ ಅಂಚು ಹಿಡಿದು ನೀರಿಗಿಳಿದರು. ನನಗೆ ಈಜು ಬರುತ್ತಿರಲಿಲ್ಲ. ಹೊಳೆ ಅವರನ್ನು ಓರೆಯಾಗಿ ಬಹಳ ಕೆಳಗೆ ಎಳೆದೊಯ್ಯಿತು. ನಾಲ್ಕು ತಲೆ ಕಾಣುತ್ತಿದ್ದವು, ಆಮೇಲೆ ಮೂರು, ಮತ್ತೆ ನಾಲ್ಕು. ಆಮೇಲೆ ತಿರುವಿನಲ್ಲಿ ಏನೂ ಕಾಣಲಿಲ್ಲ.

ಮಳೆ ಜೋರಾಯಿತು. ಹಿರಿಯ ಭೋಯಿಯ ಹೆಂಡತಿ ಗಾಡಿಯ ಹತ್ತಿರ ಬಂದು ನಿಂತಳು. ನನ್ನ ಹಣೆಯ ವಿಭೂತಿ ನೋಡಿ ಹಿಂಜರಿದಳು. "ನಮ್ಮ ಮನಿ ನಿಮಗ ನಡೀತದೋ ಇಲ್ಲೋ. ಮೀನದ ವಾಸನಿ ಅದ. ಮ್ಯಾಲ ಸೋರೂದಿಲ್ಲ ನೋಡ್ರಿ."

ಒಳಗಿಂದ ನನ್ನ ಹೆಂಡತಿ ಹೇಳಿದಳು, "ನಡೀತದ ಅಕ್ಕಾ. ಕೈ ಕೊಡು."

ಇಬ್ಬರೂ ಸೇರಿ ಅವಳನ್ನು ಗುಡಿಸಲಿಗೆ ನಡೆಸಿದೆವು. ಬಾಗಿಲಿಗೆ ಬಂದ ಮೇಲೆ ಆ ಹೆಂಗಸು ನನ್ನನ್ನು ಹೊರಗೇ ನಿಲ್ಲಿಸಿದಳು. "ಇನ್ನ ನಿಮ್ಮ ಕೆಲಸ ಏನದ ಇಲ್ಲಿ? ಕಟಗಿ ಒಣಾವು ಇದ್ರ ಹುಡುಕ್ರಿ, ನೀರ ಕಾಸಬೇಕು."

ಆ ಮಳೆಯಲ್ಲಿ ಒಣ ಕಟ್ಟಿಗೆ ಎಲ್ಲಿಯದು. ದಂಡೆಗೆ ನಿಂತಿದ್ದ ಗಾಡಿಯವರನ್ನು ಒಬ್ಬೊಬ್ಬರನ್ನೇ ಕೇಳಿದೆ. ಒಬ್ಬ ಮುಸಲ್ಮಾನ ಗಾಡಿಯವ ತನ್ನ ಗಾಡಿಯ ಕೆಳಗೆ ಕಟ್ಟಿದ್ದ ಎರಡು ಹೊರೆ ತೊಗರಿಕಟ್ಟಿಗೆ ಬಿಚ್ಚಿ ಕೊಟ್ಟ. ಕೊಡುವಾಗ, "ಪಹಲಾ ಹೈ ಕ್ಯಾ?" ಅಂತ ಕೇಳಿದ. ಮೊದಲನೆಯದು ಅಂದೆ. ಅವನು ಬೇರೇನೂ ಕೇಳಲಿಲ್ಲ, ಹೊರೆ ತಾನೇ ಹೊತ್ತು ತಂದು ಹಾಕಿ ಹೋದ.

ಹೊತ್ತು ಎಷ್ಟು ಹೋಯಿತೋ. ಒಳಗಿನ ನರಳು ಹತ್ತಿರ ಹತ್ತಿರ ಬರತೊಡಗಿತ್ತು. ನಾನು ಗುಡಿಸಲಿನಿಂದ ದಂಡೆಗೆ, ದಂಡೆಯಿಂದ ಗುಡಿಸಲಿಗೆ ತಿರುಗುತ್ತಿದ್ದೆ. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಅವಳ ಒಬ್ಬನೇ ಅಣ್ಣ. ಅವನೂ ನೀರಿಗೆ ಹೋದರೆ ನಿಲಂಗಾದ ಆ ತಾಯಿಗೆ ಯಾವ ಮುಖ ತೋರಿಸಲಿ ಅಂತ ಯೋಚಿಸುತ್ತಿದ್ದೆ. ಪಂಚಮಿಯ ದಿನ ಅಳ್ಳು ಹುರಿಯುವ ಒಲೆಯ ಮುಂದಿನಿಂದ ಎದ್ದು ಹೋಗದೆ ಇನ್ನೊಂದು ಸಲ ಹೇಳಿದ್ದರೆ, ಅವ್ವನ ಸಿಟ್ಟು ಎಷ್ಟು ದಿನ ಇರುತ್ತಿತ್ತು? ಎಂಟು ದಿನ? ಬಿ.ಎ. ಪರೀಕ್ಷೆಯಲ್ಲಿ ಬಿದ್ದಾಗ ಎರಡು ವರ್ಷ ಊರಿನ ನಗೆ ತಡೆದುಕೊಂಡವನಿಗೆ ಎಂಟು ದಿನದ ಸಿಟ್ಟು ತಡೆಯಲಾಗಲಿಲ್ಲ.

ಮಳೆ ಸ್ವಲ್ಪ ಹಿಂದೆಗೆದಾಗ ಹಿರಿಯ ಭೋಯಿ ಕೈ ತೋರಿಸಿದ. ಬಹಳ ಮೇಲಿನಿಂದ, ಹೊಳೆಯ ಎಳೆತ ಲೆಕ್ಕ ಹಿಡಿದು ಬಿಟ್ಟಿದ್ದರೇನೋ, ಕೊಪ್ಪರಿಗೆ ಬರುತ್ತಿತ್ತು. ಒಳಗೆ ಒಬ್ಬ ಮುದುಕಿ, ತಲೆಯ ಮೇಲೆ ಕಂಬಳಿಯ ಗೊಪ್ಪೆ ಹಾಕಿಕೊಂಡು ಮಂಡಿಗಾಲು ತಬ್ಬಿ ಕೂತಿದ್ದಳು. ದಂಡೆಗೆ ಹತ್ತಿದ ಕೂಡಲೇ ಅವಳು ಮಾತಾಡಿದ್ದು ಭಾವನ ಜೊತೆ: "ಬೆಲ್ಲ ಕಾಸಿದಂಗ ಕಾಸೀದಿ ನನ್ನ. ಎಲ್ಲಿ ಅದಾಳ ಹುಡುಗಿ?" ನನ್ನತ್ತ ತಿರುಗಿ, "ಎಷ್ಟರಾಗ?" ಅಂದಳು.

"ತುಂಬಿ ನಾಕ ದಿನ ಆದ್ವು," ಅಂದೆ. ಈ ಸಲ ಯಾರ ಮುಖವನ್ನೂ ನೋಡಲಿಲ್ಲ.

"ಹಾಂ, ಹಂಗ ಸರಿಯಾಗಿ ಹೇಳ್ಬೇಕು," ಅಂದು ಒಳಗೆ ಹೋದಳು.

ಭಾವ ನನ್ನಿಂದ ದೂರ ಒಂದು ಕಲ್ಲಿನ ಮೇಲೆ ಕೂತ. ಅವನ ಮೊಣಕೈ ಕೊಪ್ಪರಿಗೆಯ ಅಂಚಿಗೆ ಕೊಯ್ದು ರಕ್ತ ಇಳಿಯುತ್ತಿತ್ತು. ನನ್ನ ಧೋತರದ ಅಂಚು ಹರಿದು ಕೊಟ್ಟೆ. ತೆಗೆದುಕೊಂಡು ತಾನೇ ಕಟ್ಟಿಕೊಂಡ.

ಸಂಜೆಯಾಗಲು ಇನ್ನೂ ಹೊತ್ತಿತ್ತು. ಒಳಗೆ ಒಂದು ದೊಡ್ಡ ನರಳು, ಆಮೇಲೆ ಎಲ್ಲ ನಿಂತಿತು. ಕೂಸಿನ ಅಳು ಕೇಳಬೇಕು ಅಂತ ನಾವಿಬ್ಬರೂ ಎದ್ದು ನಿಂತಿದ್ದೆವು. ಅಳು ಬರಲಿಲ್ಲ. ಸೂಲಗಿತ್ತಿ ಏನೋ ಅವಸರದಿಂದ ಹೇಳಿದಳು, ಭೋಯಿಯ ಹೆಂಡತಿ ಓಡಿ ಬಂದು ಗೋಡೆಗೆ ಒರಗಿಸಿದ್ದ ಕಂಚಿನ ತಾಟು ಎಳೆದುಕೊಂಡು ಹೋದಳು. ತಾಟು ಬಡಿಯುವ ಸದ್ದು ಶುರುವಾಯಿತು. ನಮ್ಮ ಕಡೆ ಉಸಿರು ಹಿಡಿಯದ ಕೂಸಿನ ಕಿವಿಯ ಹತ್ತಿರ ಹಾಗೆ ಬಡಿಯುತ್ತಾರೆ. ಅದು ಏನೆಂದು ನನಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು. ಬಡಿದರು. ನಿಲ್ಲಿಸಿದರು. ಮತ್ತೆ ಬಡಿದರು. ದಂಡೆಯ ಗಾಡಿಯವರೆಲ್ಲ ಎದ್ದು ನಿಂತು ಗುಡಿಸಲಿನ ಕಡೆ ನೋಡುತ್ತಿದ್ದರು. ಭಾವ ನನ್ನ ರಟ್ಟೆ ಹಿಡಿದ. ಸಿಟ್ಟಿಗೋ, ಆಸರೆಗೋ, ಅವನಿಗೂ ತಿಳಿದಿರಲಿಕ್ಕಿಲ್ಲ. ಬೆರಳು ಒಳಗಿನ ಎಲುಬಿಗೆ ತಾಗುವಷ್ಟು ಗಟ್ಟಿಯಾಗಿ ಹಿಡಿದಿದ್ದ.

ಆಮೇಲೆ ಬೆಕ್ಕಿನ ಮರಿಯಂಥ ಒಂದು ದನಿ. ಒಂದೇ ಸಲ. ತಾಟು ನಿಂತಿತು. ನಾವು ಕಾದೆವು. ಎರಡನೆಯ ಸಲ ಅದು ಅಳೇ ಆಗಿತ್ತು.

ಭಾವ ಕೈ ಬಿಟ್ಟು ಕೆಸರಿನಲ್ಲೇ ಕೂತುಬಿಟ್ಟ.

ಸೂಲಗಿತ್ತಿ ಬಾಗಿಲಿಗೆ ಬಂದು, "ಹೆಣ್ಣು. ತಾಯಿದು ಇನ್ನಾ ಹೇಳೂದಿಲ್ಲ ನಾ, ರಗತ ಭಾಳ ಹೋಗ್ಯಾದ" ಅಂದು ಮತ್ತೆ ಒಳಗೆ ಹೋದಳು. ಕೂಸಿಗೆ ಲಿಂಗ ಕಟ್ಟಿದ್ದು ಆ ಭೋಯಿಯ ಹೆಂಡತಿ, ನನ್ನ ಹೆಂಡತಿಗೆ ಕೈ ಎತ್ತಲು ಆಗುತ್ತಿರಲಿಲ್ಲ. ಹ್ಯಾಂಗ ಕಟ್ಟಬೇಕು ಅಂತ ಇವಳು ಮಲಗಿದಲ್ಲಿಂದಲೇ ಹೇಳಿದಳಂತೆ, ಅವಳು ತೊಳೆದ ಕೈಯಿಂದ ಕಟ್ಟಿದಳಂತೆ. ನಮ್ಮ ಅಯ್ಯನವರಿಗೆ ಇದನ್ನು ಹೇಳಿದಾಗ ಅವರು, ಕಟ್ಟಿದ್ದು ಸರಿಯಾಯಿತು ಅಂದರು. ಅದು ನಂತರದ ಮಾತು.

ಆ ರಾತ್ರಿಯ ಬಗ್ಗೆ ಬರೆಯಲು ನನಗೆ ಏನೂ ಇಲ್ಲ. ಬೆಳಿಗ್ಗೆ ಸೂಲಗಿತ್ತಿ ಹೊರಗೆ ಬಂದು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಈಗ ಹೇಳ್ತೀನಿ. ಇಬ್ರೂ ಉಳಕೊಂಡಾರ" ಅಂದಳು. ನನ್ನನ್ನು ಒಳಗೆ ಕರೆದು ತೋರಿಸಿದಳು. ಹೆಂಡತಿಯ ತುಟಿ ಬಿಳಿಚಿದ್ದವು. ಕೂಸು ಕೆಂಪಗೆ, ಮುಷ್ಟಿ ಬಿಗಿ ಹಿಡಿದು ಮಲಗಿತ್ತು. ನಾನು ಏನೋ ಹೇಳಲು ಹೋದೆ. ಅವಳ ಕಣ್ಣು ಮುಚ್ಚುತ್ತಿದ್ದವು. "ನಮ್ಮವ್ವಗ ಕರಕೊಂಡ ಬರ್ರಿ," ಅಂದಳು, ಅಷ್ಟೇ.

ಅವಳನ್ನು ಆ ಗುಡಿಸಲಿನಿಂದ ಹತ್ತು ದಿನ ಅಲ್ಲಾಡಿಸುವಂತಿಲ್ಲ ಅಂತ ಸೂಲಗಿತ್ತಿಯ ಅಪ್ಪಣೆ. ತವರೇ ಇಲ್ಲಿಗೆ ಬರಬೇಕು. ಹೊಳೆ ಎದೆಯುದ್ದಕ್ಕೆ ಇಳಿದಿತ್ತು. ಭಾವ ಹೊರಡುತ್ತಾನೆಂದು ನಾನು ತಿಳಿದಿದ್ದೆ, ಅದು ಅವನ ಊರು, ಅವನ ತಾಯಿ. ಅವನು ಬಾಗಿಲ ಮುಂದೆ ಕೂತು, ತಂಗಿಯ ಸಲುವಾಗಿ ಗಂಜಿಯ ಗಡಿಗೆ ಕಾಯುತ್ತಿದ್ದ.

"ನೀವೇ ಹೋಗ್ರಿ," ಅಂದ. "ನಮ್ಮವ್ವಗ ಏನೇನಾತು ಅಂತ ನೀವೇ ಹೇಳ್ರಿ. ಎಲ್ಲಾ ಹೇಳ್ರಿ."

ಇಬ್ಬರು ಭೋಯಿಗಳು ನನ್ನನ್ನು ನಡುವೆ ಹಿಡಿದು ದಾಟಿಸಿದರು. ನಿಲಂಗಾ ಅಲ್ಲಿಂದ ಎರಡು ತಾಸಿನ ನಡಿಗೆ. ದಾರಿಯುದ್ದಕ್ಕೂ ಏನು ಹೇಳಬೇಕು, ಹೇಗೆ ಶುರುಮಾಡಬೇಕು ಅಂತ ಮಾತು ಜೋಡಿಸಿದೆ. ಊರು ಮುಟ್ಟಿದಾಗ ಪೇಟೆ ತೆರೆಯುತ್ತಿತ್ತು. ಅತ್ತೆ ಓಣಿಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ನಿಂತಿದ್ದರು. ನಿನ್ನೆಯೇ ಬರಬೇಕಾಗಿದ್ದ ಗಾಡಿಯ ದಾರಿ ನೋಡುತ್ತಿದ್ದರು. ಬಂದದ್ದು ಗಾಡಿಯಲ್ಲ. ಅರ್ಧ ಹರಿದ ಧೋತರ ಉಟ್ಟು, ಮೈಯೆಲ್ಲ ಕೆಸರಾಗಿ, ಒಬ್ಬನೇ ಬರುತ್ತಿದ್ದ ಅಳಿಯ.

ನನ್ನನ್ನು ನೋಡಿದರು. ನನ್ನ ಹಿಂದೆ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಕಟ್ಟೆಯ ಕಂಬ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತರು.

ಜೋಡಿಸಿಕೊಂಡು ಬಂದ ಮಾತೆಲ್ಲ ಹೋಯಿತು. ಓಡಿ ಹೋಗಿ ಅವರ ಕಾಲ ಹತ್ತಿರ ಕೂತೆ. "ಇಬ್ರೂ ಅದಾರ ಅತ್ತಿ," ಅಂದೆ. "ಮೂರೂ ಮಂದಿ ಅದಾರ. ಭಾವನೂ ಅದಾರ. ಹೊಳಿ ದಂಡಿಗೆ ಹಡದಾಳ. ಹೆಣ್ಣು."

ಅವರು ನನ್ನ ಹೆಗಲು ಮುಟ್ಟಿ ನೋಡಿದರು, ನಾನು ಖರೆ ಅದೀನೋ ಇಲ್ಲೋ ಅನ್ನುವಂತೆ. ಉಸಿರು ಬರಲು ಸ್ವಲ್ಪ ಹೊತ್ತಾಯಿತು.

"ಇನ್ನಾ ತಿಂಗಳಿತ್ತಲ್ಲ?"

"ಇರಲಿಲ್ಲ. ಧೋಂಡ್ಯಾದ ತಿಂಗಳ ಬಿಟ್ಟು ಎಣಸಿದ್ವಿ. ನನಗ ಗೊತ್ತಿತ್ತು ಅತ್ತಿ. ಗೊತ್ತಿದ್ದೂ ಹೇಳಲಿಲ್ಲ."

ಬೈಯಲಿ ಅಂತ ತಲೆ ತಗ್ಗಿಸಿ ಕೂತೆ. ಪೇಟೆಯ ಸದ್ದು ಕೇಳುತ್ತಿತ್ತು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಧೋಂಡ್ಯಾಕ್ಕ ಬಂದಾಗ ಆಕಿ ಹೊಟ್ಟಿ ನೋಡಿದ್ದೆ ನಾ. ದಿನ ಭಾಳ ಆಗ್ಯಾವ ಅನಿಸಿತ್ತು. ಗಂಡನ ಮನಿಯವರ ಮಾತಿನ ಮ್ಯಾಲ ಮಾತು ಹ್ಯಾಂಗ ಆಡ್ಲಿ ಅಂತ ಬಾಯಿ ಮುಚಗೊಂಡೆ. ನಿಮಗೇನ್ ಅನ್ಲಿ ನಾ."

ಅವರು ಎದ್ದರು. ಒಳಗೆ ಹೋಗಿ ಡಬ್ಬಿಗಳ ಸದ್ದು ಮಾಡತೊಡಗಿದರು. ತುಪ್ಪ, ಒಣ ಖರ್ಜೂರ, ಅಜವಾನ, ಹಳೆಯ ಮೆತ್ತನೆಯ ಸೀರೆಯ ತುಂಡುಗಳು, ಎಲ್ಲವನ್ನೂ ಒಂದು ಗಂಟಿಗೆ ಹಾಕುತ್ತಾ ಒಳಗಿಂದಲೇ ಕೇಳಿದರು, "ಹಾಲು ಕುಡೀಲಾಕತ್ತದೇನು?"

"ಗೊತ್ತಿಲ್ರಿ."

"ಅತ್ತದೇನು?"

"ತಡದು ಅತ್ತದ."

ಸದ್ದು ಒಂದು ಕ್ಷಣ ನಿಂತಿತು. ಆಮೇಲೆ ಗಂಟು ಹೊತ್ತು ಹೊರಗೆ ಬಂದರು, ನನ್ನ ಕೈಗೆ ಕೊಡದೆ ತಮ್ಮ ಕಂಕುಳಲ್ಲೇ ಇಟ್ಟುಕೊಂಡರು. "ನಡೀರಿ. ದಾರ್ಯಾಗ ಎಲ್ಲಾ ಹೇಳ್ರಿ. ಬಿಡದಂಗ ಹೇಳ್ರಿ."

ಅವರಿಗೆ ಆಗ ಐವತ್ತರ ಮೇಲೆ ವಯಸ್ಸು. ನಾನು ಅವರ ಹಿಂದೆ ಓಡುವ ಹಾಗೆ ನಡೆದೆ, ನಡೆಯುತ್ತಾ ಹೇಳಿದೆ.